ಸ್ಕಾಲರ್‌ಶಿಪ್ ಅರ್ಜಿಗಿಂತ ಮೊದಲು ಬ್ಯಾಂಕಿಗೆ ಹೋಗಿ

ವಿಜಯಪುರದಲ್ಲಿ ಬಿ.ಎ. ಮೊದಲ ವರ್ಷ ಇದ್ದಾಗ ನಾನು ಸ್ಕಾಲರ್‌ಶಿಪ್ ಹಾಕಿದೆ. ಮಂಜೂರಾಯ್ತು ಅಂತ ಬಂತು, ಹಣ ಮಾತ್ರ ಬರಲಿಲ್ಲ. ಖಾತೆಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೆ ಅಲ್ವಾ, ಅಷ್ಟು ಸಾಕು ಅಂದುಕೊಂಡಿದ್ದೆ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅಂತ ಆಧಾರ್‌ಗೆ ಜೋಡಿಸುವ ಬೇರೆಯೇ ಒಂದು ಕೆಲಸ ಇದೆ ಅಂತ ಯಾರೂ ಹೇಳಿರಲಿಲ್ಲ. ಆ ವರ್ಷ ಅಪ್ಪ ತೊಗರಿ ಮಾರಿದ ದುಡ್ಡಲ್ಲೇ ಫೀ ಕಟ್ಟಿದರು. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಹಾಗಾಗಿ ಮೊದಲು ಬ್ಯಾಂಕಿಗೆ ಹೋಗಿ. ವಿದ್ಯಾರ್ಥಿಯ ಸ್ವಂತ ಹೆಸರಿನ ಖಾತೆ ಬೇಕು, ಅಪ್ಪನದು ನಡೆಯುವುದಿಲ್ಲ. 'ಆಧಾರ್ ಲಿಂಕ್ ಮಾಡಿ' ಅಂತ ಮಾತ್ರ ಕೇಳಬೇಡಿ, 'ಡಿಬಿಟಿ ಹಣ ಬರೋಕೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ' ಅಂತ ಕೇಳಿ. ಡಿಬಿಟಿ ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಸೀಡಿಂಗ್ ಅಂದರೆ ಮೇಲೆ ಹೇಳಿದ ಮ್ಯಾಪಿಂಗೇ. ಎರಡು ಮೂರು ಖಾತೆ ಇದ್ದರೆ ಹಣ ಹೋಗುವುದು ಸೀಡಿಂಗ್ ಆದ ಒಂದಕ್ಕೇ. ಬ್ಯಾಂಕಿನಲ್ಲಿ ಸುಮ್ನೆ ಓಡಾಡಿಸಿದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಯಿರಿ.

ಆಮೇಲೆ ಹೆಸರು ನೋಡಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಇರುತ್ತದೆ, ಆಧಾರ್‌ನಲ್ಲಿ ಬರೀ ಅಪ್ಪನ ಹೆಸರು ಇರುತ್ತದೆ. ಎರಡೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು, ಅದಕ್ಕೇ ಆಧಾರ್ ತಿದ್ದಿಸುವ ಕೆಲಸ ರಜೆಯಲ್ಲೇ ಮುಗಿಸಿಕೊಳ್ಳಿ.

ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ಸಿಗುತ್ತವೆ. ಅವುಗಳ ಮೇಲಿನ ಆರ್‌ಡಿ ನಂಬರ್ (RD ಅಂತ ಶುರುವಾಗುವ ಪ್ರಮಾಣಪತ್ರದ ಸಂಖ್ಯೆ) ಅರ್ಜಿಯಲ್ಲಿ ಹಾಕಬೇಕು. ಆದಾಯದ್ದು 5 ವರ್ಷ ನಡೆಯುತ್ತದೆ, ಹಳೆಯದಿದ್ದರೆ ತಾರೀಖು ನೋಡಿಕೊಳ್ಳಿ. ಎಸ್‌ಸಿ, ಎಸ್‌ಟಿ ಮಕ್ಕಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಬೇರೆ ವರ್ಗದವರು ತಮ್ಮ ಮಿತಿ ಎಷ್ಟು ಅಂತ ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ಪಕ್ಕದ ಮನೆಯವರ ಮಾತು ಕೇಳಿ ಬಿಡಬೇಡಿ.

ಇಷ್ಟಾದ ಮೇಲೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಮೊಬೈಲ್ ನಂಬರ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ, ಯಾಕಂದ್ರೆ ಓಟಿಪಿ ಇನ್ನೊಬ್ಬರ ಫೋನಿಗೆ ಹೋದರೆ ಮುಂದಿನ ವರ್ಷ ಅವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಸಬ್ಮಿಟ್ ಆದ ಪ್ರಿಂಟ್ ಕೈಗೆ ಬರುವವರೆಗೂ ಎದ್ದು ಬರಬೇಡಿ.

ಹಾಸ್ಟೆಲ್ ಸಿಗದೆ ರೂಮ್ ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳು ವಿದ್ಯಾಸಿರಿಯನ್ನೂ ಕೇಳಿ. ಊಟ, ವಸತಿಗೆ ಅಂತ ತಿಂಗಳಿಗೆ ಇಷ್ಟು ಎಂದು 10 ತಿಂಗಳು ಹಣ ಕೊಡುವ ಯೋಜನೆ ಅದು. ಹೊಲ ಇರುವ ಮನೆಯ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಅದಕ್ಕೆ ರೈತರ ಎಫ್‌ಐಡಿ, ಅಂದರೆ ರೈತರಿಗೆ ಕೊಡುವ ಗುರುತಿನ ಸಂಖ್ಯೆ ಬೇಕು. ಈ ವರ್ಷ ಆ ಯೋಜನೆ ಇದೆಯೋ ಇಲ್ಲವೋ ಅಂತಲೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಜ್ಜ ತೀರಿಕೊಂಡು ಹೊಲ ಇನ್ನೂ ಅವರ ಹೆಸರಲ್ಲೇ ಇದ್ದರೆ ವಾರಸಾ ಮಾಡಿಸಲು ಈಗಲೇ ಮನೆಯಲ್ಲಿ ಹೇಳಿ, ಅದಕ್ಕೆ ಜಾಸ್ತಿ ದಿನ ಹಿಡಿಯುತ್ತದೆ.

ಹಣ ಬಂತೋ ಇಲ್ಲವೋ ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು. ಬಂದಿಲ್ಲ ಅಂದ್ರೆ ಪ್ರಿಂಟ್, ಆಧಾರ್, ಪಾಸ್‌ಬುಕ್ ಹಿಡಿದು ಆಯಾ ಇಲಾಖೆಯ ತಾಲೂಕು ಕಚೇರಿಗೆ ಹೋಗಿ. ಎರಡನೇ ವರ್ಷಕ್ಕೆ ಮತ್ತೆ ಅರ್ಜಿ ಹಾಕಬೇಕು, ಅದು ತಾನಾಗಿ ಮುಂದುವರಿಯುವುದಿಲ್ಲ.