ಟ್ರೇಲರ್‌ಗೆ ಕರೆಂಟ್ ಹೋಗ್ತಿಲ್ವಾ? ಮೊದಲು ಪ್ಲಗ್ ಬಿಚ್ಚಿ

ಬೈಕಂಪಾಡಿಯಲ್ಲಿ ಹೆದ್ದಾರಿ ಪಕ್ಕ ಲಾರಿ ವೈರಿಂಗ್ ಮಾಡುವವನು ನಾನು. ಪಣಂಬೂರು ಬಂದರಿನಿಂದ ಲೋಡ್ ಹೊತ್ತು ಬೆಂಗಳೂರು ಕಡೆ ಹೊರಟ ಟ್ರೇಲರ್‌ಗಳು ಶಿರಾಡಿ ಘಾಟಿ ಹತ್ತಬೇಕು. ಜುಲೈ ತಿಂಗಳ ಮಳೆ, ಮಂಜಿನಲ್ಲಿ ಹಿಂದಿನ ಲೈಟ್ ಇಲ್ಲದ ಟ್ರೇಲರ್ ಇದೆ ಅಂತ ಹಿಂದಿನವನಿಗೆ ಗೊತ್ತಾಗುವ ಹೊತ್ತಿಗೆ ಬ್ರೇಕ್ ಒತ್ತಲು ಜಾಗ ಇರುವುದಿಲ್ಲ. "ಅಣ್ಣಾ, ಟ್ರೇಲರ್‌ಗೆ ಕರೆಂಟೇ ಹೋಗ್ತಿಲ್ಲ" ಅಂತ ಬಂದ ಡ್ರೈವರಿಗೆ ನಾನು ಕೇಳುವುದು ಇಷ್ಟೇ: ಯಾವ ಲೈಟೂ ಇಲ್ವಾ, ಒಂದೇ ಇಲ್ವಾ, ಇಲ್ಲಾ ಬ್ರೇಕ್ ಒತ್ತಿದ್ರೆ ಬೇರೆ ಇನ್ನೇನೋ ಉರಿಯುತ್ತಾ?

ಯಾವುದೂ ಇಲ್ಲ ಅಂದರೆ ಪ್ಲಗ್ಗು, ಕೇಬಲ್ಲು ಅಥವಾ ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ). ಒಂದೇ ಇಲ್ಲ ಅಂದರೆ ಆ ಲೈನಿನ ಫ್ಯೂಸ್, ಪಿನ್, ಬಲ್ಬ್. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಎಲ್ಲವೂ ಮಂಕಾಗಿ ಉರಿಯುತ್ತವೆ ಅಂದರೆ ಬೇರೆಲ್ಲೂ ಕೈ ಹಾಕಬೇಡಿ, ಅದು ಅರ್ಥ್. ಇಷ್ಟು ಕೇಳಿಕೊಳ್ಳದೆ ಟ್ರೇಲರ್ ಅಡಿಗೆ ನುಗ್ಗಿ ಸುತ್ತಿದ ಟೇಪನ್ನೆಲ್ಲ ಬಿಚ್ಚಿ ಹಾಕುವವರೇ ಜಾಸ್ತಿ. ಟ್ರೇಲರಿನ ವೈರಿಂಗ್ ಮುಟ್ಟುವ ಮೊದಲು ತಪ್ಪು ಹಾರ್ಸ್‌ನದೋ (ಟ್ರೇಲರ್ ಎಳೆಯುವ ಮುಂದಿನ ಲಾರಿ), ಕೇಬಲ್‌ನದೋ, ಟ್ರೇಲರ್‌ನದೋ ಅಂತ ಬೇರೆ ಮಾಡಿಕೊಳ್ಳಿ. ಉಳಿದ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇದಕ್ಕೆ ದೊಡ್ಡ ಸಾಮಾನು ಬೇಕಾಗಿಲ್ಲ. 24 ವೋಲ್ಟ್, 21 ವ್ಯಾಟ್‌ನ ಒಂದು ಬಲ್ಬನ್ನು ಹೋಲ್ಡರ್‌ಗೆ ಹಾಕಿ, ಎರಡು ಉದ್ದ ವೈರ್ ಎಳೆದು, ಒಂದರ ತುದಿಗೆ ಕ್ರೊಕೊಡೈಲ್ ಕ್ಲಿಪ್ ಕಟ್ಟಿಕೊಳ್ಳಿ. ಟೆಸ್ಟ್ ಲ್ಯಾಂಪ್ ಆಯಿತು. ಮೀಟರ್ ಇದ್ದರೆ ಒಳ್ಳೆಯದು, ಆದರೆ ಮೀಟರ್ ಒಂದನ್ನೇ ನಂಬಬೇಡಿ. ವೈರಿನ ಎಳೆಗಳೆಲ್ಲ ತುಂಡಾಗಿ ಕಿಲುಬಿನ ಮೂಲಕ ಬರೀ ತಾಗಿಕೊಂಡಿದ್ದರೂ ಮೀಟರ್ 25 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟ್ ಏನೇನೂ ಅಲ್ಲ. ಅದೇ ವೈರಿಗೆ 21 ವ್ಯಾಟ್ ಬಲ್ಬ್ ಹಿಡಿದರೆ ಸುಮಾರು 0.9 ಆಂಪಿಯರ್ ಹರಿಯಬೇಕು. ಆಗ ವೈರಿನ ಬಂಡವಾಳ ಹೊರಗೆ ಬೀಳುತ್ತದೆ. ಮೀಟರ್ ನೋಡಿ "ಕರೆಂಟ್ ಇದೆ" ಅಂದು ಬಲ್ಬ್ ಬದಲಿಸುತ್ತಾ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಯಾಬಿನ್ ಹಿಂದಿನ ಸಾಕೆಟ್‌ನಿಂದ ಟ್ರೇಲರ್‌ಗೆ ಹೋಗುವ ಸುರುಳಿ ಕೇಬಲ್ (ಸ್ಪ್ರಿಂಗ್ ಕೇಬಲ್) ಬಿಚ್ಚಿ. ಸಾಮಾನ್ಯ ಏಳು ಪಿನ್‌ನ 24 ವೋಲ್ಟ್ ಸಾಕೆಟ್‌ನಲ್ಲಿ ಪಿನ್ ಪಕ್ಕದಲ್ಲೇ ನಂಬರ್ ಅಚ್ಚೊತ್ತಿರುತ್ತದೆ. ಕೊಳೆ ಕೂತಿದ್ದರೆ ಬಟ್ಟೆಯಲ್ಲಿ ಒರೆಸಿ ನೋಡಿ. 1 ಅರ್ಥ್, 2 ಎಡಗಡೆಯ ಪಾರ್ಕಿಂಗ್, 3 ಎಡ ಇಂಡಿಕೇಟರ್, 4 ಬ್ರೇಕ್, 5 ಬಲ ಇಂಡಿಕೇಟರ್, 6 ಬಲಗಡೆಯ ಪಾರ್ಕಿಂಗ್. ನಡುವಿನ 7 ಒಂದೊಂದು ಗಾಡಿಯಲ್ಲಿ ಒಂದೊಂದಕ್ಕೆ. ಈ ಸಾಕೆಟ್ಟಿನ ಸ್ಟ್ಯಾಂಡರ್ಡ್ ಪಟ್ಟಿಯ ಪ್ರಕಾರ ವೈರಿನ ಬಣ್ಣ 1ರಿಂದ ಸಾಲಾಗಿ ಬಿಳಿ, ಕಪ್ಪು, ಹಳದಿ, ಕೆಂಪು, ಹಸಿರು, ಕಂದು, ನೀಲಿ. ಆದರೆ ನಮ್ಮಲ್ಲಿ ಟ್ರೇಲರ್ ಕಟ್ಟುವ ಶೆಡ್‌ನಲ್ಲಿ ಆವತ್ತು ಯಾವ ಬಣ್ಣದ ಸುರುಳಿ ಕೈಗೆ ಸಿಕ್ಕಿತೋ ಅದನ್ನೇ ಎಳೆದಿರುತ್ತಾರೆ. ಹಾಗಾಗಿ ಬಣ್ಣ ಬಿಡಿ, ನಂಬರ್ ಹಿಡಿಯಿರಿ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು 1ನೇ ಪಿನ್ನಿಗೆ ಹಾಕಿ. ಕ್ಲೀನರ್‌ನನ್ನು ಕ್ಯಾಬಿನ್ನಲ್ಲಿ ಕೂರಿಸಿ ಪಾರ್ಕಿಂಗ್, ಬ್ರೇಕ್, ಎಡ, ಬಲ ಅಂತ ಒಂದೊಂದಾಗಿ ಕೊಡಿಸಿ, ಆಯಾ ಪಿನ್ನಿಗೆ ಇನ್ನೊಂದು ತುದಿ ತಾಗಿಸಿ. ಎಲ್ಲದರಲ್ಲೂ ಬಲ್ಬ್ ಚೆನ್ನಾಗಿ ಉರಿದರೆ ಹಾರ್ಸ್ ಸರಿ ಇದೆ. ಯಾವುದರಲ್ಲೂ ಉರಿಯದಿದ್ದರೆ ಕ್ಲಿಪ್ಪನ್ನು ತೆಗೆದು ಚಾಸಿಯ ಬಣ್ಣ ಕೆರೆದ ಜಾಗಕ್ಕೆ ಹಾಕಿ ನೋಡಿ. ಈಗ ಉರಿಯಿತೋ? ಸಾಕೆಟ್‌ಗೆ ಬರುವ ಅರ್ಥ್ ವೈರೇ ಹೋಗಿದೆ. ಸಾಕೆಟ್ ಬಿಚ್ಚಿ ಹಿಂದೆ ನೋಡಿದರೆ ಸ್ಕ್ರೂ ಅಡಿಯಲ್ಲಿ ಹಸಿರು ಕಿಲುಬು ಹಿಡಿದ ತಾಮ್ರ ಸಿಗುತ್ತದೆ.

ಹಾರ್ಸ್ ಸರಿ ಇದ್ದರೆ ಕೇಬಲ್ಲನ್ನು ಹಾರ್ಸ್‌ಗೆ ಸಿಕ್ಕಿಸಿ, ಅದರ ಬಿಟ್ಟ ತುದಿಯಲ್ಲಿ ಇದೇ ಪರೀಕ್ಷೆ ಮಾಡಿ. ಬಲ್ಬ್ ಉರಿಯುತ್ತಿರುವಾಗ ಕೇಬಲ್ಲನ್ನು ಎಳೆಯಿರಿ, ತಿರುಚಿ, ಪ್ಲಗ್ ಹತ್ತಿರ ಬಗ್ಗಿಸಿ. ಸುರುಳಿಯ ಮಧ್ಯೆ ತುಂಡಾಗುವುದು ಅಪರೂಪ. ಪ್ಲಗ್ಗಿನಿಂದ ಒಂದು ಗೇಣಿನೊಳಗೇ ವೈರ್ ಒಳಗೊಳಗೆ ತುಂಡಾಗಿರುತ್ತದೆ, ಹೊರಗಿನ ರಬ್ಬರ್ ಮಾತ್ರ ಹೊಸದರಂತೆ ಕಾಣುತ್ತದೆ. ಬಂದರಿನ ಕ್ಯೂನಲ್ಲಿ ನಿಂತಿದ್ದರೆ ಇನ್ನೂ ಸುಲಭ: ಪಕ್ಕದ ಗಾಡಿಯವನ ಕೇಬಲ್ಲನ್ನು ಎರಡು ನಿಮಿಷ ಕೇಳಿ ಪಡೆದು ಹಾಕಿ ನೋಡಿ. ಅದಕ್ಕಿಂತ ಒಳ್ಳೆಯ ಟೆಸ್ಟರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪ್ಲಗ್ಗಿನ ಪಿನ್ನುಗಳನ್ನು ಹತ್ತಿರದಿಂದ ನೋಡಿ. ಹಿತ್ತಾಳೆ ಪಿನ್ನಿನ ನಡುವೆ ಉದ್ದಕ್ಕೆ ಒಂದು ಸೀಳು ಇರುತ್ತದೆ. ಪಿನ್ ಸ್ಪ್ರಿಂಗ್ ಥರ ಅರಳಿ ಸಾಕೆಟ್ ಗೋಡೆಗೆ ಒತ್ತಿ ಕೂರಲಿ ಅಂತಲೇ ಆ ಸೀಳು. ಹಾಕಿ ತೆಗೆದು ಹಾಕಿ ತೆಗೆದು ಅದು ಮುಚ್ಚಿಕೊಂಡು ಪಿನ್ ಸಣ್ಣದಾಗುತ್ತದೆ. ಪ್ಲಗ್ ಕೂತಂತೆ ಕಂಡರೂ ಒಳಗೆ ಲೂಸ್ ಕಾಂಟ್ಯಾಕ್ಟ್. ಹಂಪ್ ಹಾರಿದಾಗ ಲೈಟ್ ಹೋಗುತ್ತದೆ, ಮತ್ತೆ ಬರುತ್ತದೆ. ಸಣ್ಣ ಸ್ಕ್ರೂ ಡ್ರೈವರಿನ ಅಲಗನ್ನು ಸೀಳಿಗೆ ಇಟ್ಟು ಸ್ವಲ್ಪವೇ ತಿರುಗಿಸಿ ಅಗಲಿಸಿ. ಜೋರು ಮಾಡಿದರೆ ಮುರಿಯುತ್ತದೆ. ಸಾಕೆಟ್ ತೂತಿನ ಕಿಲುಬನ್ನು ಉಪ್ಪುಕಾಗದ ಸುರುಳಿ ಸುತ್ತಿ ಉಜ್ಜಿ ತೆಗೆಯಿರಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಸಾಕೆಟ್ ಮುಚ್ಚಳದ ಸ್ಪ್ರಿಂಗ್ ಹೋಗಿದ್ದರೆ ಹಳೇ ಟ್ಯೂಬಿನ ತುಂಡು ಕಟ್ಟಬೇಡಿ, ಸಾಕೆಟ್ಟನ್ನೇ ಬದಲಿಸಿ. ಸಮುದ್ರದ ಬದಿಯ ಗಾಳಿಯಲ್ಲಿ ಒಂದು ಮಳೆಗಾಲ ತೆರೆದಿಟ್ಟ ಸಾಕೆಟ್ ಮತ್ತೆ ನೆಟ್ಟಗಾಗುವುದಿಲ್ಲ.

ಇನ್ನು ಅರ್ಥ್. ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಹೆಚ್ಚಿನದು ಇದೇ. ಟ್ರೇಲರಿಗೆ ಕರೆಂಟ್ ಹೋಗುವ ದಾರಿ ಐದಾರು, ವಾಪಸ್ ಬರುವ ದಾರಿ 1ನೇ ಪಿನ್ ಒಂದೇ. ಲೆಕ್ಕ ಹಾಕಿ: 5 ವ್ಯಾಟ್‌ನ ಹತ್ತು ಪಾರ್ಕಿಂಗ್ ಮತ್ತು ಸೈಡ್ ಬಲ್ಬು 50 ವ್ಯಾಟ್, ಎರಡು ಬ್ರೇಕ್ ಬಲ್ಬು 42, ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ಹಿಂದಿನವೆರಡು ಮತ್ತೆ 42. ಒಟ್ಟು 134 ವ್ಯಾಟ್, ಐದೂವರೆ ಆಂಪಿಯರ್ ಮೇಲೆ. ಅಷ್ಟೂ ಆ ಒಂದು ಪಿನ್ನಿನಲ್ಲಿ ವಾಪಸ್ ಬರಬೇಕು. ಆ ದಾರಿ ಕಟ್ಟಾದರೆ ಕರೆಂಟ್ ಸುಮ್ಮನಿರುವುದಿಲ್ಲ. ಬ್ರೇಕ್ ಒತ್ತಿದಾಗ ದೊಡ್ಡ ಫಿಲಮೆಂಟಿನಲ್ಲಿ ಬಂದ ಕರೆಂಟ್ ಅರ್ಥ್ ಸಿಗದೆ ಅದೇ ಬಲ್ಬಿನ ಸಣ್ಣ ಫಿಲಮೆಂಟಿಗೆ ಹತ್ತಿ, ಪಾರ್ಕಿಂಗ್ ಲೈನಿನಲ್ಲಿ ಹಿಂದಕ್ಕೆ ಹೋಗಿ, ಹಾರ್ಸ್‌ನ ಪಾರ್ಕಿಂಗ್ ಬಲ್ಬಿನ ಮೂಲಕ ಅರ್ಥ್ ಹುಡುಕಿಕೊಳ್ಳುತ್ತದೆ. ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ಲೈಟ್ ಮಿಣುಕುವ "ಭೂತ" ಇದೇ.

"ಕಿಂಗ್ ಪಿನ್ ಇದೆಯಲ್ಲ, ಬಾಡಿ ಅರ್ಥ್ ಬರುತ್ತೆ ಬಿಡಿ" ಅನ್ನುವವರು ಇದ್ದಾರೆ. ಟ್ರೇಲರ್ ಅಡಿಯ ದಪ್ಪ ಪಿನ್ನೇ ಕಿಂಗ್ ಪಿನ್, ಅದು ಕೂರುವ ಹಾರ್ಸ್ ಮೇಲಿನ ತಟ್ಟೆಯೇ ಫಿಫ್ತ್ ವ್ಹೀಲ್. ಫಿಫ್ತ್ ವ್ಹೀಲ್ ತುಂಬ ಗ್ರೀಸ್ ಮೆತ್ತಿರುತ್ತದೆ. ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಶೆಡ್‌ನಲ್ಲಿ ಎಲ್ಲ ಉರಿದು, ಉಪ್ಪಿನಂಗಡಿ ದಾಟಿದ ಮೇಲೆ ಹೋಗುವ ಲೈಟುಗಳ ಗುಟ್ಟು ಹಲವು ಸಲ ಅಷ್ಟೇ. ಪರೀಕ್ಷೆ ಸುಲಭ: ದಪ್ಪ ವೈರಿನ ಒಂದು ತುದಿ ಹಾರ್ಸ್ ಚಾಸಿಗೆ, ಇನ್ನೊಂದು ತುದಿ ಟ್ರೇಲರ್ ಚಾಸಿಗೆ, ಎರಡೂ ಕಡೆ ಕಬ್ಬಿಣ ಹೊಳೆಯುವಷ್ಟು ಕೆರೆದು ಹಿಡಿಯಿರಿ. ಲೈಟುಗಳೆಲ್ಲ ಒಮ್ಮೆಲೇ ಸರಿಯಾದರೆ ರೋಗ ಗೊತ್ತಾಯಿತು. ಮೀಟರ್ ಇದ್ದವರು ಎಲ್ಲ ಲೈಟ್ ಹಾಕಿಸಿ, ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಹಿಂದಿನ ಬಲ್ಬ್ ಹೋಲ್ಡರಿನ ಅರ್ಥ್‌ಗೆ ಇಟ್ಟು ನೋಡಿ. ಅರ್ಧ ವೋಲ್ಟ್ ಆಸುಪಾಸು ಇದ್ದರೆ ಸರಿ. ಎರಡು, ಮೂರು ವೋಲ್ಟ್ ತೋರಿಸಿದರೆ ಅಷ್ಟು ವೋಲ್ಟ್ ದಾರಿಯಲ್ಲೇ ಸುಡುತ್ತಿದೆ. ಸರಿ ಮಾಡುವಾಗ ಅರ್ಥ್‌ಗೆ 2.5 ಚದರ ಮಿಲಿಮೀಟರ್‌ಗಿಂತ ಸಣ್ಣ ವೈರ್ ಬೇಡ. ನಾನಂತೂ 4 ಹಾಕುತ್ತೇನೆ. ಬೋಲ್ಟ್ ಅಡಿಯ ಬಣ್ಣ ಕೆರೆದು, ವೈರ್ ತುದಿಗೆ ಲಗ್ (ಬೋಲ್ಟಿಗೆ ಕೂರುವ ಬಳೆ) ಒತ್ತಿ ಕ್ರಿಂಪ್ ಮಾಡಿ, ಬಿಗಿದ ಮೇಲೆ ಬಣ್ಣ ಬಳಿಯಿರಿ. ಬಣ್ಣದ ಮೇಲೆಯೇ ಬಿಗಿದರೆ ಬಿಗಿದು ಏನು ಸುಖ?

ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಎರಡನೆಯದನ್ನು ಹಾಕಬೇಡಿ. ಸಿಗರೇಟ್ ಪೊಟ್ಟಣದ ಬೇಗಡೆ ಸುತ್ತಿ ಹಾಕುವವರೂ ಇದ್ದಾರೆ, ಆಮೇಲೆ ಫ್ಯೂಸಿನ ಬದಲು ಹಾರ್ನೆಸ್ (ವೈರುಗಳ ಕಟ್ಟು) ಸುಡುತ್ತದೆ. ಫ್ಯೂಸಿನ ಜಾಗದ ಎರಡು ಕಾಲಿಗೆ ಟೆಸ್ಟ್ ಲ್ಯಾಂಪ್ ಕೊಡಿ, ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಅದು ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ. ಈಗ ಟ್ರೇಲರ್ ಪ್ಲಗ್ ಕೀಳಿ. ಬೆಳಕು ಇಳಿದರೆ ಶಾರ್ಟ್ ಕೇಬಲ್‌ನಲ್ಲೋ ಟ್ರೇಲರ್‌ನಲ್ಲೋ ಇದೆ. ಮತ್ತೆ ಸಿಕ್ಕಿಸಿ ಟ್ರೇಲರಿನ ವೈರುಗಳು ಕೂಡುವ ಜಂಕ್ಷನ್ ಬಾಕ್ಸ್‌ನಲ್ಲಿ ಎಡ, ಬಲ, ಸೈಡ್ ಅಂತ ಒಂದೊಂದೇ ವೈರ್ ಬಿಡಿಸುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಮೊದಲು ಕಣ್ಣು ಹಾಯಿಸಬೇಕಾದ್ದು ವೈರ್ ಚಾಸಿಯ ತೂತಿನಲ್ಲಿ ನುಗ್ಗುವ ಕಡೆ, ಮಡ್‌ಗಾರ್ಡ್ ಬೋಲ್ಟಿನ ಅಡಿ, ಮತ್ತೆ ಚಕ್ರದ ಮೇಲ್ಭಾಗ. ರಿಸೋಲ್ (ಮೇಲೆ ಹೊಸ ರಬ್ಬರ್ ಹಾಕಿದ ಹಳೇ) ಟಯರ್ ಸಿಪ್ಪೆ ಬಿಟ್ಟು ಚಚ್ಚಿದಾಗ ಹಾರ್ನೆಸ್ ಹರಿದಿರುತ್ತದೆ, ಟಯರ್ ಬದಲಿಸಿದವನು ಅದನ್ನು ನೋಡಿರುವುದೇ ಇಲ್ಲ.

ಹೊಸ ಗಾಡಿಗಳಲ್ಲಿ ಒಂದು ಎಚ್ಚರ. 2020ರ ಏಪ್ರಿಲ್ ನಂತರದ ಬಿಎಸ್ 6 ಲಾರಿಗಳಲ್ಲಿ ಹಲವಕ್ಕೆ ಲೈಟ್‌ಗಳನ್ನು ನಿಭಾಯಿಸುವುದು ಕಂಟ್ರೋಲ್ ಯೂನಿಟ್. ಕೆಲವು ಯೂನಿಟ್ ಶಾರ್ಟ್ ಕಂಡರೆ ಫ್ಯೂಸ್ ಹಾರಿಸದೆ ತಾನೇ ಲೈನ್ ಕಡಿದುಬಿಡುತ್ತದೆ, ಇಗ್ನಿಷನ್ ಆಫ್ ಮಾಡಿ ಮತ್ತೆ ಹಾಕುವವರೆಗೂ ಕೊಡುವುದಿಲ್ಲ. ಟ್ರೇಲರಿಗೆ ಎಲ್‌ಇಡಿ ಹಾಕಿದ್ದರೆ, ಅದು ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಬಲ್ಬ್ ಹೋಗಿದೆ ಅಂದುಕೊಂಡು ಇಂಡಿಕೇಟರ್ ಪಟಪಟ ಹೊಡೆಯಬಹುದು. ಅಲ್ಲಿ ವೈರ್ ಹುಡುಕಿ ಪ್ರಯೋಜನವಿಲ್ಲ, ಆ ಗಾಡಿಗೆ ಹೊಂದುವ ಲ್ಯಾಂಪ್ ಬೇಕು. ಅಗ್ಗಕ್ಕೆ ಸಿಕ್ಕಿತು ಅಂತ 12 ವೋಲ್ಟಿನ ಎಲ್‌ಇಡಿ ತಂದು, 24 ವೋಲ್ಟಿಗೆ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಲೈನ್ ಎಳೆಯಬೇಡಿ. ಆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿ ಇದ್ದು ಬೇಗ ಸಾಯುತ್ತದೆ, ಜತೆಯದನ್ನೂ ಕೆಡಿಸುತ್ತದೆ.

ವೈರಿನಲ್ಲಿ ಕರೆಂಟ್ ಇದೆಯೋ ನೋಡಲು ಸೂಜಿ ಚುಚ್ಚುವ ಅಭ್ಯಾಸ ಕರಾವಳಿಯಲ್ಲಂತೂ ಬೇಡವೇ ಬೇಡ. ಆ ತೂತಿನಲ್ಲಿ ಉಪ್ಪುನೀರು ಇಳಿದು ತಾಮ್ರ ಉದ್ದಕ್ಕೂ ಕಪ್ಪಾಗುತ್ತದೆ. ಹಾಗೆ ಕಪ್ಪಾದ ವೈರ್ ಸಿಕ್ಕರೆ ಹೊಳೆಯುವ ತಾಮ್ರ ಬರುವವರೆಗೂ ಕತ್ತರಿಸಿ, ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ. ಬರೀ ಟೇಪ್ ಮಳೆಗಾಲಕ್ಕೆ ಬಾಳುವುದಿಲ್ಲ.

ಪಕ್ಕದಲ್ಲೇ ಇರುವ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಸಾಕೆಟ್ ಬೇರೆಯದೇ ಲೈನು. ಲೈಟಿಗೆ ಕರೆಂಟ್ ಸಿಗಲಿಲ್ಲ ಅಂತ ಅದರಿಂದ ಕದಿಯಬೇಡಿ. ದಾರಿಯಲ್ಲಿ ಏನೂ ಬಗೆಹರಿಯದಿದ್ದರೆ ನೆಲ್ಯಾಡಿಯಲ್ಲೋ ಗುಂಡ್ಯದಲ್ಲೋ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹಿಂದೆ ದೂರದಲ್ಲಿ ತ್ರಿಕೋನ ಇಟ್ಟು, ಬೆಳಗಾದ ಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಫೋನಿನಲ್ಲಿ "ಲೈಟ್ ಇಲ್ಲ" ಅಂತ ಮಾತ್ರ ಹೇಳಬೇಡಿ, ಯಾವ ಪಿನ್ನಿನಲ್ಲಿ ಲ್ಯಾಂಪ್ ಉರಿಯಿತು, ಯಾವುದರಲ್ಲಿ ಉರಿಯಲಿಲ್ಲ ಅಂತ ಹೇಳಿ. ಬರುವವನು ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ.