68 ಪುಸ್ತಕ, 3 ಹಲಗೆ: ಅಕಾಡೆಮಿ ಪ್ರಶಸ್ತಿಯ ಕನ್ನಡ ಸಾಲು ಜೋಡಿಸಿದ ಬಗೆ

ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇಂಥವರಿಗೆ ಬಂತು ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ಬರುವುದು ಒಂದು ಪುಸ್ತಕಕ್ಕೆ. ಶಿವರಾಮ ಕಾರಂತರಿಗೆ 1959ರಲ್ಲಿ ಪ್ರಶಸ್ತಿ ತಂದದ್ದು ಅವರ ಕಾದಂಬರಿಯಲ್ಲ, ‘ಯಕ್ಷಗಾನ ಬಯಲಾಟ’. ಕೆ.ಎಸ್. ನರಸಿಂಹಸ್ವಾಮಿ ಎಂದರೆ ‘ಮೈಸೂರ ಮಲ್ಲಿಗೆ’ ಎನ್ನುತ್ತೇವೆ. 1977ರ ಪ್ರಶಸ್ತಿ ಇರುವುದು ‘ತೆರೆದ ಬಾಗಿಲು’ ಸಂಕಲನಕ್ಕೆ. ಲಂಕೇಶರದು ‘ಕಲ್ಲು ಕರಗುವ ಸಮಯ’ (1993), ಕಾರ್ನಾಡರದು ‘ತಲೆದಂಡ’ (1994). ಬೆಂಗಳೂರಿನ ಬಡಾವಣೆಯೊಂದರ ಪುಟ್ಟ ಓದುಮನೆಗೆ ಈ ಪೂರ್ತಿ ಸಾಲನ್ನು ತರಬೇಕೆಂದು ಹೊರಟಾಗ ನಾವು ಇಟ್ಟುಕೊಂಡ ಕಟ್ಟಳೆ ಒಂದೇ: ಪ್ರಶಸ್ತಿ ಬಂದ ಪುಸ್ತಕವೇ ಬೇಕು. ಅದೇ ಲೇಖಕರ ಹೆಸರಾಂತ ಬೇರೆ ಪುಸ್ತಕ ಅದರ ಜಾಗದಲ್ಲಿ ಕೂರಬಾರದು. ಇದೇ ಹಂಬಲ ಇರುವ ಬೇರೆ ಬಡಾವಣೆಯವರಿಗೆ, ಶಾಲೆಯವರಿಗೆ ಅನುಕೂಲವಾಗಲಿ ಎಂದು ಕೆಲಸದ ವಿವರಗಳನ್ನು ಬರೆಯುತ್ತಿದ್ದೇನೆ.

ಮೊದಲು ಪಟ್ಟಿ. ಅಕಾಡೆಮಿ ಹುಟ್ಟಿದ್ದು 1954ರಲ್ಲಿ, ಪ್ರಶಸ್ತಿ ಶುರುವಾದದ್ದು 1955ರಿಂದ. ಕನ್ನಡದ ಮೊದಲ ಪ್ರಶಸ್ತಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ. ಅಲ್ಲಿಂದ 2024ರ ಕೆ.ವಿ. ನಾರಾಯಣರ ‘ನುಡಿಗಳ ಅಳಿವು’ ತನಕ 70 ವರ್ಷ. 1957 ಮತ್ತು 1963ರಲ್ಲಿ ಕನ್ನಡಕ್ಕೆ ಪ್ರಶಸ್ತಿ ಇಲ್ಲ. ಉಳಿದದ್ದು 68 ಪುಸ್ತಕ. ಆ ಎರಡು ವರ್ಷಗಳ ಜಾಗವನ್ನು ಮುಚ್ಚಬೇಡಿ. ಪುಸ್ತಕದಷ್ಟೇ ಎತ್ತರದ ರಟ್ಟು ಕತ್ತರಿಸಿ, ‘ಈ ವರ್ಷ ಕನ್ನಡಕ್ಕೆ ಪ್ರಶಸ್ತಿ ಇಲ್ಲ’ ಎಂದು ಬರೆದು ನಿಲ್ಲಿಸಿ. ಇಲ್ಲದಿದ್ದರೆ ಯಾರೋ ಪುಸ್ತಕ ವಾಪಸು ಮಾಡಿಲ್ಲವೆಂದು ಓದುಗರು ಕೇಳುತ್ತಲೇ ಇರುತ್ತಾರೆ.

ವರ್ಷದ ಗೊಂದಲ ಎಲ್ಲ ಕಡೆ ಇದೆ. ಪ್ರಶಸ್ತಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಪ್ರಕಟವಾಗುತ್ತದೆ, ದೆಹಲಿಯ ಸಮಾರಂಭ ಮರುವರ್ಷದ ಫೆಬ್ರುವರಿ-ಮಾರ್ಚಿನ ಹೊತ್ತಿಗೆ. ಹಾಗಾಗಿ ಒಂದೇ ಪ್ರಶಸ್ತಿಗೆ ಎರಡೆರಡು ವರ್ಷ ನಮೂದಾಗಿರುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಮೂರು ಪ್ರತ್ಯೇಕ ಕಾಲಂ ಮಾಡಿದೆವು: ಪ್ರಶಸ್ತಿಯ ವರ್ಷ, ಪುಸ್ತಕದ ಮೊದಲ ಮುದ್ರಣದ ವರ್ಷ, ನಮ್ಮ ಕೈಗೆ ಸಿಕ್ಕ ಮುದ್ರಣದ ವರ್ಷ. ಇತ್ತೀಚಿನ ಪುಸ್ತಕಗಳಿಗೆ ಇದರಿಂದ ಒಂದು ತಾಳೆ ನೋಡುವ ಉಪಾಯವೂ ಸಿಕ್ಕಿತು. 2024ರ ಪ್ರಶಸ್ತಿಗೆ ಪರಿಗಣಿಸಿದ್ದು 2018ರಿಂದ 2022ರ ಒಳಗೆ ಮೊದಲ ಬಾರಿ ಅಚ್ಚಾದ ಪುಸ್ತಕಗಳನ್ನು. ಅಂದರೆ ಪ್ರಶಸ್ತಿಯ ವರ್ಷದಿಂದ 6 ಕಳೆದರೆ ಆರಂಭ, 2 ಕಳೆದರೆ ಕೊನೆ. ಮೊದಲ ಮುದ್ರಣ ಈ ಗಡಿಯ ಆಚೆ ಬಿದ್ದರೆ ಪುಸ್ತಕವೋ ವರ್ಷವೋ ತಪ್ಪಿದೆ ಎಂದರ್ಥ. ಹಳೆಯ ದಶಕಗಳಿಗೆ ಈ ಲೆಕ್ಕ ಹಚ್ಚಬೇಡಿ.

ಇನ್ನೊಂದು ಮೋಸ ಮುಖಪುಟದ್ದು. ‘ಅಕಾಡೆಮಿ ಪ್ರಶಸ್ತಿ ಪುರಸ್ಕೃತ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಅದು ರಾಜ್ಯದ ಕರ್ನಾಟಕ ಸಾಹಿತ್ಯ ಅಕಾಡೆಮಿಯದ್ದಾಗಿರಬಹುದು. ಕೇಂದ್ರದ್ದು ತನ್ನ ಕನ್ನಡ ಪ್ರಕಟಣೆಗಳಲ್ಲಿ ‘ಅಕಾದೆಮಿ’ ಎಂದು ‘ದೆ’ ಬರೆದುಕೊಳ್ಳುತ್ತದೆ. ಆದರೆ ಪ್ರಕಾಶಕರೆಲ್ಲ ಈ ವ್ಯತ್ಯಾಸ ಪಾಲಿಸುವುದಿಲ್ಲವಾದ್ದರಿಂದ ಅದೊಂದನ್ನೇ ನಂಬಿ ದುಡ್ಡು ಕೊಡಬಾರದು. ಪಟ್ಟಿ ಕೈಯಲ್ಲೇ ಇರಲಿ. ಯುವ ಪುರಸ್ಕಾರ, ಬಾಲ ಸಾಹಿತ್ಯ ಪುರಸ್ಕಾರ, ಅನುವಾದ ಬಹುಮಾನ ಇವೂ ಕೇಂದ್ರ ಅಕಾಡೆಮಿಯವೇ, ಆದರೆ ಬೇರೆ ಸಾಲು.

ಪುಸ್ತಕ ಹುಡುಕುವುದಕ್ಕೆ ಬೆಂಗಳೂರಿನಷ್ಟು ಒಳ್ಳೆಯ ಊರು ಕನ್ನಡಕ್ಕೆ ಇನ್ನೊಂದಿಲ್ಲ. ಅಚ್ಚಿನಲ್ಲಿರುವವನ್ನು ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳಲ್ಲಿ ಮೊದಲು ಮುಗಿಸಿಕೊಳ್ಳಿ. ಸೆಂಟ್ರಲ್ ಕಾಲೇಜು ಆವರಣದಲ್ಲಿ ಅಕಾಡೆಮಿಯ ಪ್ರಾದೇಶಿಕ ಕಚೇರಿ ಇದೆ. ಅಲ್ಲಿ ಸಿಗುವುದು ಅಕಾಡೆಮಿ ತಾನೇ ಪ್ರಕಟಿಸಿದ ಪುಸ್ತಕ. ಪ್ರಶಸ್ತಿ ಬಂದ ಪುಸ್ತಕಗಳೆಲ್ಲ ಅಲ್ಲಿರುತ್ತವೆ ಎಂದುಕೊಂಡು ಹೋದರೆ ಬರಿಗೈ. ಹೋದವರು ‘ಭಾರತೀಯ ಸಾಹಿತ್ಯ ನಿರ್ಮಾಪಕರು’ ಮಾಲೆಯ ಕಿರುಹೊತ್ತಗೆಗಳನ್ನು ಮಾತ್ರ ತಪ್ಪದೆ ನೋಡಿ. ಒಬ್ಬೊಬ್ಬ ಲೇಖಕರ ಮೇಲೆ ಒಂದೊಂದು, ದೊಡ್ಡ ಪುಸ್ತಕದ ಪಕ್ಕದಲ್ಲಿಡಲು ಹೇಳಿ ಮಾಡಿಸಿದಂತಿವೆ.

ಅಚ್ಚಿನಲ್ಲಿಲ್ಲದವಕ್ಕೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು. ಶಾಲೆ-ಕಾಲೇಜು ತೆರೆಯುವ ದಿನಗಳಲ್ಲಿ ಹೋಗಬೇಡಿ. ಪಠ್ಯಪುಸ್ತಕದ ನೂಕುನುಗ್ಗಲಿನಲ್ಲಿ ಯಾರಿಗೂ ನಿಮ್ಮ ಮಾತು ಕೇಳುವಷ್ಟು ಬಿಡುವಿರುವುದಿಲ್ಲ. ಉಳಿದ ತಿಂಗಳು, ವಾರದ ನಡುವೆ, ಬೆಳಗಿನ ಹೊತ್ತು ವಾಸಿ. ಲೇಖಕರ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಮುಖಪುಟದ ಚಿತ್ರವಿರುವ ಚೀಟಿ ಕೊಟ್ಟು ಬರುವುದು ಹೆಚ್ಚು ಫಲ ಕೊಡುತ್ತದೆ. ಗುಡ್ಡೆಯಲ್ಲಿ ಕೈಯಾಡಿಸುವವರಿಗೆ ನೆನಪಿರುವುದು ಬಣ್ಣ ಮತ್ತು ಗಾತ್ರ.

ಕೈಗೆ ಸಿಕ್ಕ ಪ್ರತಿಯನ್ನು ಅಲ್ಲೇ ಹೀಗೆ ನೋಡಬೇಕು. ಮುಖಪುಟ ಬಿಟ್ಟು ಶೀರ್ಷಿಕೆ ಪುಟದ ಬೆನ್ನಿಗೆ ಹೋಗಿ: ಮುದ್ರಣದ ಸಂಖ್ಯೆ, ವರ್ಷ, ಪುಟಸಂಖ್ಯೆ ಅಲ್ಲಿರುತ್ತದೆ. ಅಲ್ಲಿ ಬರೆದ ಪುಟಸಂಖ್ಯೆಯನ್ನು ಕೊನೆಯ ಪುಟದ ಜೊತೆ ತಾಳೆ ಹಾಕಿ. ಹೊಲಿಗೆ ಬಿಟ್ಟ ಹಳೆಯ ಪುಸ್ತಕದಲ್ಲಿ ಒಂದು ಮಡಿಕೆ, ಅಂದರೆ 8 ಅಥವಾ 16 ಪುಟ, ಒಟ್ಟಿಗೇ ಉದುರಿಹೋಗಿರುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ ಬಂತೋ, ಎಷ್ಟೇ ಅಪರೂಪವಾದರೂ ಬೇರೆ ಪುಸ್ತಕದ ಜೊತೆ ಇಡಬೇಡಿ. ಗ್ರಂಥಾಲಯದ ಮೊಹರು ಇದ್ದು ‘ವಿಲೇವಾರಿ ಮಾಡಲಾಗಿದೆ’ ಎಂಬ ಗುರುತು ಇಲ್ಲದಿದ್ದರೆ ಕೊಳ್ಳುವುದೇ ಬೇಡ, ಅದು ಯಾವುದೋ ಊರಿನ ಓದುಗರಿಗೆ ಸೇರಿದ್ದು.

ಎಡವುವ ಜಾಗಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ದುಡ್ಡು ಮತ್ತು ಶ್ರಮ ಹಾಳಾಗುವುದು ಇಲ್ಲೇ. ಬೇಂದ್ರೆಯವರ ‘ಅರಳು ಮರಳು’ (1958) ಐದು ಸಂಕಲನಗಳ ಕಟ್ಟು: ‘ಸೂರ್ಯಪಾನ’, ‘ಹೃದಯಸಮುದ್ರ’, ‘ಮುಕ್ತಕಂಠ’, ‘ಚೈತ್ಯಾಲಯ’, ‘ಜೀವಲಹರಿ’. ಇವುಗಳಲ್ಲಿ ಒಂದು ಸಿಕ್ಕರೆ ಪ್ರಶಸ್ತಿಯ ಪುಸ್ತಕ ಸಿಕ್ಕಂತಲ್ಲ. ಮಾಸ್ತಿಯವರಿಗೆ 1968ರಲ್ಲಿ ಬಂದದ್ದು ‘ಸಣ್ಣ ಕಥೆಗಳು’ 12-13ನೆಯ ಸಂಪುಟಗಳಿಗೆ. ಒಂದನೆಯ ಸಂಪುಟ ತಂದಿಟ್ಟು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಲಬುರ್ಗಿಯವರ ‘ಮಾರ್ಗ’ದಲ್ಲಿ ಬೇಕಾದದ್ದು 4ನೆಯ ಸಂಪುಟ (2006). ದೇವುಡು ಎಂದೊಡನೆ ‘ಮಹಾಬ್ರಾಹ್ಮಣ’ ಕೈಗೆ ಬರುತ್ತದೆ, 1962ರ ಪ್ರಶಸ್ತಿ ‘ಮಹಾಕ್ಷತ್ರಿಯ’ಕ್ಕೆ. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ (1964) ಬಸವಣ್ಣನವರ ಕಾಲದ ಕಾದಂಬರಿಮಾಲೆಯ ಕೊನೆಯ ಕೊಂಡಿ. ಅದೊಂದನ್ನೇ ಇಟ್ಟರೆ ಓದುಗರು ನಡುದಾರಿಯಲ್ಲಿ ಬಸ್ಸು ಹತ್ತಿದಂತಾಗುತ್ತದೆ. ಸಾಲಿನಲ್ಲಿ ಅದೊಂದನ್ನು ನಿಲ್ಲಿಸಿ, ಹಿಂದಿನ ಭಾಗಗಳನ್ನು ಕಾದಂಬರಿಗಳ ಕಪಾಟಿನಲ್ಲಿಟ್ಟು, ಒಳಗೆ ಓದುವ ಕ್ರಮದ ಚೀಟಿ ಅಂಟಿಸಿದೆವು.

ಬಿಡಿ ಸಂಕಲನ ಎಲ್ಲೂ ಸಿಗದೆ, ಸಮಗ್ರ ಸಂಪುಟದಲ್ಲಿ ಮಾತ್ರ ಸಿಗುವ ಪುಸ್ತಕಗಳೂ ಇವೆ, ಕವಿತೆಯಲ್ಲಿ ಇದು ಹೆಚ್ಚು. ಆಗ ಸಮಗ್ರವನ್ನೇ ಇಟ್ಟು, ಆ ಸಂಕಲನ ಶುರುವಾಗುವ ಮತ್ತು ಮುಗಿಯುವ ಪುಟಗಳಿಗೆ ಕಾಗದದ ಪಟ್ಟಿ ಸೇರಿಸುತ್ತೇವೆ. ಇದು ರಾಜಿ, ಪರಿಹಾರವಲ್ಲ. ಅಡಿಗರ ‘ವರ್ಧಮಾನ’ವನ್ನು ತೆಳ್ಳನೆಯ ಬಿಡಿ ಪುಸ್ತಕವಾಗಿ ಕೈಯಲ್ಲಿ ಹಿಡಿಯುವುದೇ ಬೇರೆ, ದಪ್ಪ ಸಂಪುಟದೊಳಗೆ ತಡಕುವುದೇ ಬೇರೆ. ಬಿಡಿ ಪ್ರತಿ ಸಿಕ್ಕ ದಿನ ಬದಲಿಸುವುದಕ್ಕೆ ರಿಜಿಸ್ಟರಿನಲ್ಲಿ ಕೆಂಪು ಗುರುತು ಇರಲಿ.

ನೆರಳಚ್ಚು (ಜೆರಾಕ್ಸ್) ತೆಗೆಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ದೇವುಡು 1962ರಲ್ಲಿ ತೀರಿಕೊಂಡರು, ಅವರ ಹಕ್ಕು 2022ರ ಕೊನೆಗೆ ಮುಗಿಯಿತು. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಅವರದು 2035ರ ಕೊನೆಯವರೆಗೆ ಇದೆ. ಹಕ್ಕು ಇರುವ ಪುಸ್ತಕ ಭಾರತದಲ್ಲಿ ಮಾರಾಟಕ್ಕೇ ಸಿಗದಿದ್ದರೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ 3ಕ್ಕೆ ಮೀರದಷ್ಟು ಪ್ರತಿ ಮಾಡಿಕೊಳ್ಳಲು ಅದೇ ಕಾಯ್ದೆಯ 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಸಿಗುವ ಪುಸ್ತಕಕ್ಕೆ ಇದು ಅನ್ವಯಿಸುವುದಿಲ್ಲ. ಕನ್ನಡದ ಲೇಖಕರಿಗೆ ಬರುವ ಗೌರವಧನವೇ ಅಲ್ಪ, ಅದನ್ನು ನೆರಳಚ್ಚಿನ ಅಂಗಡಿಯಲ್ಲಿ ಕಳೆಯುವುದು ತಪ್ಪು.

ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಲೇಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಪ್ಲಾಸ್ಟಿಕ್ಕು ಬಿಟ್ಟುಕೊಂಡು ಬರುತ್ತದೆ, ಕಂದು ಕಲೆ ಅಕ್ಷರದ ಮೇಲೆ ಉಳಿಯುತ್ತದೆ. ಬದಲಿಗೆ ಅಂಟನ್ನು ಹೀಗೆ ಮಾಡಿಕೊಳ್ಳಿ: ಗೋಧಿ ಪಿಷ್ಟ 1 ಪಾಲು, ನೀರು 5 ಪಾಲು ಸೇರಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಬಂದರೆ ಬಿಳಿ ಹೋಗಿ ಗಂಜಿಯಂತೆ ಅರೆಪಾರದರ್ಶಕವಾಗುತ್ತದೆ. ಆರಿಸಿ, ತೆಳುಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಬಳಸಿಬಿಡಿ. ಹುಳಿ ವಾಸನೆ ಬಂದರೆ ಚೆಲ್ಲಿ. ತೆಳುವಾದ ಜಪಾನಿ ಟಿಶ್ಯೂ ಕಾಗದವನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಬೇಕು. ಹರಿದ ಅಂಚಿನ ಎಳೆಗಳು ಪುಟದೊಂದಿಗೆ ಬೆರೆತುಕೊಳ್ಳುತ್ತವೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಅಲ್ಲೇ ಮತ್ತೆ ಹರಿಯುತ್ತದೆ. ಈ ಪಟ್ಟಿಯನ್ನು ಹರಿದ ಜಾಗದ ಮೇಲೆ ಹಚ್ಚುವಾಗ ಅಂಟು ಕಡಿಮೆ ಇರಲಿ. ಎರಡೂ ಕಡೆ ಬೆಣ್ಣೆಕಾಗದ ಇಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇದೆ. ಹುಳು ಬರುವುದಿಲ್ಲ ನಿಜ, ಆದರೆ ಹಳೆಯ ಕಾಗದಕ್ಕೆ ಅದು ಒಳ್ಳೆಯದಲ್ಲ.

ಜೋಡಣೆಗೆ ಡ್ಯೂಯಿ ಅಂಕಿಯನ್ನು, ಅಂದರೆ ಗ್ರಂಥಾಲಯಗಳು ವಿಷಯವಾರು ಪುಸ್ತಕ ವಿಂಗಡಿಸುವ ಅಂಕಿಯನ್ನು, ಬಿಟ್ಟೆವು. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814. ಆ ಲೆಕ್ಕ ಹಿಡಿದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1978) ಸಸ್ಯಶಾಸ್ತ್ರಕ್ಕೂ ತಿಪ್ಪೇರುದ್ರಸ್ವಾಮಿಯವರ ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ (1969) ಇತಿಹಾಸಕ್ಕೂ ಹೊರಟುಹೋಗುತ್ತವೆ. ಪ್ರಶಸ್ತಿಯ ವರ್ಷವನ್ನೇ ಬೆನ್ನಿನ ಮೇಲೆ ಬರೆದೆವು. ಒಂದೊಂದು ಪುಸ್ತಕಕ್ಕೆ ಸರಾಸರಿ ಎರಡೂವರೆ ಸೆಂಟಿಮೀಟರ್ ಎಂದರೆ 170 ಸೆಂಟಿಮೀಟರ್, 3 ಅಡಿಯ ಹಲಗೆ ಎರಡು ಸಾಕು. ಸಮಗ್ರ ಸಂಪುಟಗಳಿಗೂ ಮುಂದೆ ಬರುವವಕ್ಕೂ ಮೂರನೆಯದು. ಹೀಗೆ ವರ್ಷದ ಸಾಲಿನಲ್ಲಿ ನಿಂತಾಗ ಪಟ್ಟಿಯಲ್ಲಿ ಕಾಣದ್ದು ಕಣ್ಣಿಗೆ ಬೀಳುತ್ತದೆ. 1967ರಲ್ಲಿ ಡಿವಿಜಿ, 1978ರಲ್ಲಿ ಮಗ ಸ್ವಾಮಿ. 1955ರಲ್ಲಿ ಕುವೆಂಪು, 1987ರಲ್ಲಿ ‘ಚಿದಂಬರ ರಹಸ್ಯ’ಕ್ಕೆ ಮಗ ತೇಜಸ್ವಿ. ಮೊದಲ ಹಲಗೆ ಪೂರ್ತಿ ಮುಗಿದರೂ ಒಬ್ಬ ಹೆಣ್ಣುಮಗಳ ಹೆಸರಿಲ್ಲ. 2004ರಲ್ಲಿ ಗೀತಾ ನಾಗಭೂಷಣರ ‘ಬದುಕು’, 2009ರಲ್ಲಿ ವೈದೇಹಿಯವರ ‘ಕ್ರೌಂಚ ಪಕ್ಷಿಗಳು’, 2019ರಲ್ಲಿ ವಿಜಯಾ ಅವರ ‘ಕುದಿ ಎಸರು’. 68ರಲ್ಲಿ 3. ಈ ಕೊರತೆ ನನ್ನನ್ನು ಕಾಡುತ್ತದೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಇವರ ಪುಸ್ತಕಗಳನ್ನು ಇದೇ ಕಪಾಟಿನ ಎದುರು, ಕಣ್ಣಿನ ಮಟ್ಟಕ್ಕೆ ಇಟ್ಟಿದ್ದೇವೆ.

ಜ್ಞಾನಪೀಠದ ಎಂಟು ಕನ್ನಡಿಗರಿಗೆ ಪ್ರತ್ಯೇಕ ಚಿಕ್ಕ ಸಾಲು. ಅಲ್ಲಿ ನಿಯಮ ಬೇರೆ: ಶುರುವಿನಲ್ಲಿ ಒಂದು ಕೃತಿಗೆ, 1982ರ ನಂತರ ಒಟ್ಟು ಸಾಧನೆಗೆ. ‘ಶ್ರೀ ರಾಮಾಯಣ ದರ್ಶನಂ’ಗೆ ಎರಡೂ ಬಂದಿರುವುದರಿಂದ ಅದೊಂದಕ್ಕೆ ಎರಡು ಪ್ರತಿ ಬೇಕು. ಎಂಟರಲ್ಲಿ ಏಳು ಜನ ಅಕಾಡೆಮಿಯ ಸಾಲಿನಲ್ಲೂ ಇದ್ದಾರೆ. ಅನಂತಮೂರ್ತಿಯವರು ಮಾತ್ರ ಇಲ್ಲ. ಅವರು 1993ರಿಂದ ಅದೇ ಅಕಾಡೆಮಿಯ ಅಧ್ಯಕ್ಷರಾಗಿದ್ದವರು.

ತಿಂಗಳಿಗೊಂದು ಪುಸ್ತಕದ ಓದುಕೂಟಕ್ಕೆ ಮಾತ್ರ ವರ್ಷದ ಕ್ರಮ ಬೇಡ. 1955ರಿಂದ ಶುರು ಮಾಡಿದರೆ ಮಹಾಕಾವ್ಯ, ಆಮೇಲೆ ಆರ್.ಎಸ್. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’. ಎರಡನೆಯ ತಿಂಗಳಿಗೇ ಕುರ್ಚಿ ಖಾಲಿಯಾಗುತ್ತವೆ. ‘ಹಸುರು ಹೊನ್ನು’, ಗೊರೂರರ ‘ಅಮೆರಿಕದಲ್ಲಿ ಗೊರೂರು’, ‘ಕ್ರೌಂಚ ಪಕ್ಷಿಗಳು’ ಇವುಗಳಿಂದ ಶುರು ಮಾಡಿ. ದೇವನೂರ ಮಹಾದೇವರ ‘ಕುಸುಮಬಾಲೆ’ (1990) ನಾಲ್ಕೈದು ಪುಸ್ತಕ ಆದಮೇಲೆ ಬರಲಿ, ಮತ್ತು ಮನೆಯಲ್ಲಿ ಓದಿಕೊಂಡು ಬನ್ನಿ ಎನ್ನಬೇಡಿ. ಮೊದಲ ಹತ್ತು ಪುಟವನ್ನು ಕೂಟದಲ್ಲೇ ಗಟ್ಟಿಯಾಗಿ ಓದಿಸಿ, ಸಾಧ್ಯವಾದರೆ ನಂಜನಗೂಡು-ಚಾಮರಾಜನಗರದ ಕಡೆಯ ಮಾತು ನಾಲಿಗೆಯಲ್ಲಿರುವವರಿಂದ. ಕಣ್ಣಿಗೆ ಕಗ್ಗಂಟಾದದ್ದು ಕಿವಿಗೆ ಬಿಡಿಸಿಕೊಳ್ಳುತ್ತದೆ. ಒಂದೂವರೆ ಗಂಟೆಯ ಕೂಟದಲ್ಲಿ 40 ನಿಮಿಷ ಓದು, 15 ನಿಮಿಷ ಒಬ್ಬರ ಪರಿಚಯ, ಉಳಿದದ್ದು ಎಲ್ಲರ ಮಾತು. ಪರಿಚಯ ಮೊದಲು ಇಟ್ಟರೆ ಅದೇ ಭಾಷಣವಾಗಿ ಬೆಳೆದು ಓದನ್ನು ನುಂಗುತ್ತದೆ.

ಪ್ರತಿ ಡಿಸೆಂಬರ್ ಒಂದನೆಯ ತಾರೀಕು ಮೂರನೆಯ ಹಲಗೆಯಲ್ಲಿ ಆ ವರ್ಷದ ಅಂಕಿ ಬರೆದ ಖಾಲಿ ರಟ್ಟು ನಿಲ್ಲಿಸುತ್ತೇವೆ. ಪ್ರಶಸ್ತಿ ಪ್ರಕಟವಾದ ಸಂಜೆಯೇ ಅಂಗಡಿಗೆ ಫೋನು ಮಾಡಿ ಎರಡು ಪ್ರತಿ ತೆಗೆದಿರಿಸಲು ಹೇಳಬೇಕು. ಕನ್ನಡದ ಪುಸ್ತಕ ಒಂದು ಮುದ್ರಣಕ್ಕೆ ಅಚ್ಚಾಗುವುದೇ ಕೆಲವು ನೂರು ಪ್ರತಿ. ವಾರ ತಡೆದರೆ ಮರುಮುದ್ರಣಕ್ಕೆ ಕಾಯಬೇಕಾಗುತ್ತದೆ.