ಆರ್‌ಒ ಯಂತ್ರದ ಟಿಡಿಎಸ್ ಸ್ಕ್ರೂ ನಾನು ಯಾಕೆ ಮುಚ್ಚಿಯೇ ಇಡುತ್ತೇನೆ

ಚಿತ್ರದುರ್ಗದ ಎಷ್ಟೋ ಮನೆಗಳಲ್ಲಿ ಸಂಪು ಒಂದು, ಅದಕ್ಕೆ ಬೀಳುವ ನೀರು ಎರಡು. ನಲ್ಲಿ ಬಂದ ದಿನ ಸೂಳೆಕೆರೆಯದೋ ವಾಣಿವಿಲಾಸ ಸಾಗರದ್ದೋ ನೀರು, ಬಾರದ ದಿನ ಬೋರ್. ಆರ್‌ಒ ಯಂತ್ರಕ್ಕೆ ಹೋಗುವುದು ಇವೆರಡರ ಬೆರಕೆ, ಆ ಬೆರಕೆಯ ಪ್ರಮಾಣವೂ ದಿನಕ್ಕೊಂದು ಥರ. ಹಾಗಾಗಿ ಯಂತ್ರ ಕೂರಿಸಿದ ದಿನ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಅದ್ದಿ ನೋಡಿ, ಸ್ಕ್ರೂ ಹೊಂದಿಸಿ ಸುಮ್ಮನಾಗುವುದು ಇಲ್ಲಿ ಸಾಲದು. ನಾನು ನಡೆಸುತ್ತಿರುವುದು 8 ಲೀಟರ್ ಟ್ಯಾಂಕು, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನಿನ, ಅಂದರೆ ಲವಣ ತಡೆಯುವ ಪೊರೆಯ, ಮಾಮೂಲಿ ಯಂತ್ರ.

ಮೊದಲ ಕೆಲಸ, ಬೋರ್ ನೀರಿನಲ್ಲಿ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣಾಂಶ) ಎಷ್ಟೆಂದು ತಿಳಿದುಕೊಳ್ಳುವುದು. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎನ್ನುವುದನ್ನು. ಅದರಿಂದ ಒಟ್ಟು ಲವಣದ ಅಂದಾಜು ಕೊಡುತ್ತದೆ. 700 ಎಂದು ತೋರಿಸಿದ ನೀರಿನಲ್ಲಿ ಫ್ಲೋರೈಡ್ 0.5 ಇದೆಯೋ 3 ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಆಳದ ಬೋರ್‌ಗಳವರು ಇದನ್ನು ಮರೆಯಲೇಬಾರದು. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಸುಳಿವು ಸಿಗದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಬರೀ ಯುವಿ (ಅತಿನೇರಳೆ ಬೆಳಕು) ಇರುವ ಯಂತ್ರವೂ ಅದನ್ನು ತೆಗೆಯುವುದಿಲ್ಲ.

ನೀರು ಪರೀಕ್ಷೆಗೆ ಜಿಲ್ಲಾ ಕೇಂದ್ರದಲ್ಲಿರುವ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಬಹುದು. ನಾನು ಎರಡು ಬಾಟಲಿ ಒಯ್ಯುತ್ತೇನೆ: ಒಂದು ಬೋರ್‌ನಿಂದ ನೇರ ಹಿಡಿದದ್ದು, ಇನ್ನೊಂದು ಆರ್‌ಒ ನಲ್ಲಿಯದು. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಫ್ಲೋರೈಡ್‌ಗೆ ಗಾಜಿನದು ಬೇಡ. ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿಸುತ್ತೇನೆ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅಂತರ್ಜಲ ಕುಸಿದಾಗ ಅಂಕಿ ಬದಲಾಗುತ್ತದೆ.

ಇನ್ನು ಆ ಸ್ಕ್ರೂ ವಿಚಾರ. ಮೆಂಬ್ರೇನಿಗೆ ಹೋಗದ ನೀರನ್ನು ಒಂದಿಷ್ಟು ಶುದ್ಧ ನೀರಿಗೆ ಬೆರೆಸಿ ‘ರುಚಿ’ ತರಿಸುವುದೇ ಅದರ ಕೆಲಸ. ಲೆಕ್ಕ ಹಾಕಿ ನೋಡಿ. ಬೋರ್ ನೀರಿನ ಟಿಡಿಎಸ್ 700, ಫ್ಲೋರೈಡ್ 3. ಮೆಂಬ್ರೇನಿನಿಂದ ಬಂದ ನೀರಿನ ಟಿಡಿಎಸ್ 50, ಫ್ಲೋರೈಡ್ 0.2. ಎರಡು ಪಾಲು ಬೋರ್ ನೀರಿಗೆ ಮೂರು ಪಾಲು ಶುದ್ಧ ನೀರು ಬೆರೆತರೆ ಟಿಡಿಎಸ್ 310. ಮೀಟರ್ ನೋಡಿದವರು ಒಳ್ಳೆಯ ನೀರು ಎನ್ನುತ್ತಾರೆ. ಆದರೆ ಫ್ಲೋರೈಡ್ 1.32 ಆಗಿರುತ್ತದೆ. ನಲ್ಲಿ ನೀರು ತುಂಬಿದ ದಿನ ಸ್ಕ್ರೂ ಹೊಂದಿಸಿ ಹೋದರೆ, ಬೋರ್ ನೀರಿನ ದಿನವೂ ಬೆರೆಯುವ ಪಾಲು ಅಷ್ಟೇ ಇರುತ್ತದೆ, ಒಳಗೆ ಬರುವ ಫ್ಲೋರೈಡ್ ಮಾತ್ರ ಏರುತ್ತದೆ. ಅದಕ್ಕೇ ನಾನು ಅದನ್ನು ಪೂರ್ತಿ ಮುಚ್ಚಿಡುತ್ತೇನೆ. ಮುಚ್ಚಿದೆಯೋ ಇಲ್ಲವೋ ತಿಳಿಯಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಮೆಂಬ್ರೇನಿನ ಪೈಪಿನಿಂದ ಒಂದು ಲೋಟ, ಸ್ಕ್ರೂ ದಾಟಿ ಟ್ಯಾಂಕಿಗೆ ಬೀಳುವ ಜಾಗದಿಂದ ಒಂದು ಲೋಟ ಹಿಡಿಯಿರಿ. ಎರಡರ ಟಿಡಿಎಸ್ ಹೆಚ್ಚುಕಮ್ಮಿ ಒಂದೇ ಇರಬೇಕು. ನಡುವೆ ಮಿನರಲ್ ಕಾರ್ಟ್ರಿಜ್ ಇದ್ದರೆ ಸ್ವಲ್ಪ ಏರುವುದು ಸಹಜ. ನಿಂತಿದ್ದ ಯಂತ್ರದ ಮೊದಲ ನೀರನ್ನು ಅಳೆಯಬೇಡಿ, ಅದು ಯಾವಾಗಲೂ ಹೆಚ್ಚೇ ತೋರಿಸುತ್ತದೆ.

ಮೆಂಬ್ರೇನಿನ ತಾಕತ್ತೂ ಇದೇ ಅಳತೆಯಲ್ಲಿ ಗೊತ್ತಾಗುತ್ತದೆ. ಒಳಗೆ 1000, ಹೊರಗೆ 80 ಇದ್ದರೆ ಶೇ 92 ತಡೆಯುತ್ತಿದೆ ಎಂದರ್ಥ. ಶೇ 85ಕ್ಕಿಂತ ಕೆಳಗಿಳಿದರೆ ನಾನು ಬದಲಾಯಿಸುತ್ತೇನೆ. ಹೊರಬರುವ ಅಂಕಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ: ಸಂಪಿನಲ್ಲಿ ನಲ್ಲಿ ನೀರಿದ್ದ ದಿನ ಹಾಳಾದ ಮೆಂಬ್ರೇನ್ ಕೂಡ ಚೆನ್ನಾಗಿಯೇ ಕಾಣುತ್ತದೆ. ವೇಸ್ಟ್ ಪೈಪಿನ ನೀರನ್ನೂ ಒಂದು ನಿಮಿಷ ಅಳತೆ ಜಾರ್‌ಗೆ ಹಿಡಿಯುತ್ತೇನೆ. ಆ ಪೈಪಿನ ಹರಿವಿಗೆ ಮಿತಿ ಹಾಕುವ ಫ್ಲೋ ರಿಸ್ಟ್ರಿಕ್ಟರ್ 450ರದ್ದಾಗಿದ್ದರೆ ಸುಮಾರು 450 ಮಿ.ಲೀ. ಬರಬೇಕು. ನೀರು ಉಳಿಸಲೆಂದು ಅದನ್ನು ಬಿಗಿ ಮಾಡಿಸಿದರೆ ನಮ್ಮ ಗಡಸು ನೀರಿನ ಸುಣ್ಣವೆಲ್ಲ ಮೆಂಬ್ರೇನಿನ ಮೇಲೇ ಕೂರುತ್ತದೆ.

ಮೆಂಬ್ರೇನಿಗೂ ಮೊದಲು ಕ್ಲೋರಿನ್ ಹಿಡಿಯುವ ಕಾರ್ಬನ್ ಫಿಲ್ಟರ್ ಹೇಗಿದೆಯೆಂದು ಹೊರಗಿನಿಂದ ನೋಡಿ ಹೇಳಲಾಗದು. ಅದು ಸೋತರೆ ನಲ್ಲಿ ನೀರಿನ ಕ್ಲೋರಿನ್ ದಾಟಿ ಹೋಗಿ ಮೆಂಬ್ರೇನನ್ನು ತಿನ್ನುತ್ತದೆ. ಕ್ಲೋರಿನ್ ನೋಡುವ ಹನಿ ಕಿಟ್ ಇಟ್ಟುಕೊಳ್ಳಿ. ಹನಿ ಹಾಕಿದಾಗ ಕಾರ್ಬನ್ ದಾಟಿದ ನೀರು ಹಳದಿ ತಿರುಗಿದರೆ ಬದಲಾಯಿಸುವ ಸಮಯ.

ಕ್ಲೋರಿನ್ ತೆಗೆದದ್ದರಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ, ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಟ್ಯಾಂಕಿನ ನೀರಿಗೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ. ಮುಚ್ಚಳ ತೆಗೆದು ಒಳಗೋಡೆಯ ಮೇಲೆ ಬೆರಳಾಡಿಸಿ, ಜಾರಿದರೆ ಪಾಚಿಯಂಥ ಪದರ ಕಟ್ಟಿದೆ. ಮೂರು ತಿಂಗಳಿಗೊಮ್ಮೆ ನಾನು ಮಾಡುವುದು ಹೀಗೆ: ಕರೆಂಟ್ ತೆಗೆದು, ಒಳಬರುವ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ ಮೆತ್ತನೆ ಬ್ರಶ್ಶಿನಿಂದ ಉಜ್ಜುವುದು. ಆಮೇಲೆ 8 ಲೀಟರ್ ನೀರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 8 ಮಿ.ಲೀ. ಬೆರೆಸಿ, ಮೇಲಿನಿಂದಲೇ ಟ್ಯಾಂಕಿಗೆ ಸುರಿಯುವುದು. ಸುವಾಸನೆ ಬೆರೆಸಿದ ಬ್ಲೀಚ್ ಬೇಡ. ಹಳೆಯ ಬಾಟಲಿಯೂ ಬೇಡ, ಬಿಸಿಲಿಗೆ ಅದರ ಶಕ್ತಿ ಕುಂದಿರುತ್ತದೆ. ಒಳಬರುವ ಪೈಪಿಗೆ ಇದನ್ನು ಹಾಕಲೇಬಾರದು, ಮೆಂಬ್ರೇನ್ ಹೋಗುತ್ತದೆ. ಟ್ಯಾಂಕಿಗೂ ನಲ್ಲಿಗೂ ನಡುವೆ ಕಾರ್ಟ್ರಿಜ್ ಇದ್ದರೆ ಬಿಚ್ಚಿಡಿ. ನಲ್ಲಿ ತಿರುಗಿಸಿ ಒಂದು ಲೋಟ ಬಿಟ್ಟರೆ ಆ ಪೈಪೂ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು ಚೆಲ್ಲಿ, ಮುಂದೆ ತುಂಬುವ ಎರಡು ಟ್ಯಾಂಕ್ ನೀರನ್ನೂ ಚೆಲ್ಲುತ್ತೇನೆ.

ವಾರದ ನಂತರ ಎಚ್2ಎಸ್ ಸೀಸೆಯ ಪರೀಕ್ಷೆ, ಅಂದರೆ ನೀರಿಗೆ ಮಲದ ಸೋಂಕು ತಗುಲಿದೆಯೇ ಎಂದು ನೋಡುವುದು. ಮೆಂಬ್ರೇನಿನ ಪೈಪಿನಿಂದ ಒಂದು ಸೀಸೆ, ಯಂತ್ರದ ನಲ್ಲಿಯಿಂದ ಒಂದು. ಸೀಸೆಯನ್ನು ತೊಳೆಯದೆ, ಬಾಯಿಗೆ ಬೆರಳು ತಾಗಿಸದೆ ಗೆರೆಯವರೆಗೆ ತುಂಬಿಸಿ ಬೆಚ್ಚಗಿನ ಜಾಗದಲ್ಲಿ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಸೋಂಕಿನ ಶಂಕೆ ಇದೆ, ಕುಡಿಯಬಾರದು. ಮೆಂಬ್ರೇನಿನ ಪೈಪಿನ ಸೀಸೆ ತಿಳಿಯಾಗಿಯೇ ಉಳಿದು ನಲ್ಲಿಯದು ಮಾತ್ರ ಕಪ್ಪಾದರೆ ತೊಂದರೆ ಇರುವುದು ಟ್ಯಾಂಕಿನಲ್ಲೋ ನಲ್ಲಿಯಲ್ಲೋ.

ವೇಸ್ಟ್ ನೀರನ್ನು ನೆಲ ಒರೆಸಲು, ಬಚ್ಚಲಿಗೆ ಬಳಸುತ್ತೇನೆ. ದನಕ್ಕೆ ಇಡುವುದಿಲ್ಲ, ಅಡುಗೆಗೂ ಇಲ್ಲ. ನಾಲ್ಕು ಲೀಟರಿನಲ್ಲಿ ಒಂದು ಲೀಟರ್ ಕುಡಿಯಲು ಬಂದರೆ, 3 ಇದ್ದ ಫ್ಲೋರೈಡ್ ಉಳಿದ ಮೂರು ಲೀಟರಿನಲ್ಲಿ ಹತ್ತಿರ ಹತ್ತಿರ 4 ಆಗಿರುತ್ತದೆ.